ಕ್ಯಾಪಿನೊಳಗಿನ ಮೂರು ಗೆರೆ

ಮಿಸ್ತ್ರಿ ಹೋದ ಸುದ್ದಿ ನನಗೆ ಫೋನಿನಲ್ಲಿ ಬಂತು. ಮೊಮ್ಮಗಳು ಕನ್ನಡ ಒತ್ತುವುದನ್ನು ಕಲಿಸಿಕೊಟ್ಟು ಆಗ ಹದಿನೈದು ದಿನವಾಗಿತ್ತು. ಅಲ್ಲಿಯವರೆಗೆ ನಾನು ಒತ್ತಿದ ಅತಿ ದೊಡ್ಡ ಬರಹವೆಂದರೆ ಸಿಂದಗಿಯ ಬೀಗತಿಗೆ ಕಳಿಸಿದ ಒಂದು ಸಾಲು: “ನಿಮ್ಮ ಉಪ್ಪಿನಕಾಯಿಗೆ ಬೂಸು ಬಂತೇನ್ರಿ?” ಬಂದಿರಲಿ ಎಂದೇ ಕೇಳಿದ್ದೆ.

ಮಿಸ್ತ್ರಿಯ ಮಗಳು ದೇವರ ಹಿಪ್ಪರಗಿಯಿಂದ ಬರೆದಿದ್ದಳು, “ಅಬ್ಬಾ ಮುಂಜಾನೆ ಹೋದ್ರು ಅವ್ವಾರ.” ನಾನು “ಪಾಪ, ಬಂಗಾರದಂಥ ಮನುಷ್ಯ” ಎಂದು ಒತ್ತಿದೆ. ಕಳಿಸುವ ಮುಂಚೆ ಒಂದೊಂದೇ ಅಕ್ಷರ ಅಳಿಸಿದೆ. ಆ ಮಾತು ಹೇಳುವ ಹಕ್ಕು ಊರಿನಲ್ಲಿ ಎಲ್ಲರಿಗೂ ಇತ್ತು, ನನಗಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಆ ಹೆಸರು ಕೆಡಿಸಿದ್ದೇನೆ. ಮತ್ತೆ ಮುಟ್ಟಲು ಕೈ ಬರುವುದಿಲ್ಲ.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಹಿಂದೆ, ಚಹಾದಂಗಡಿಗೆ ಹತ್ತಿಕೊಂಡು ಅವರ ತಗಡಿನ ಅಂಗಡಿ ಇತ್ತು. ಗಾಡಿಗಳ ವೈರಿಂಗ್ ಕೆಲಸ. ಹಾರ್ನ್, ದೀಪ, ಡೈನಮೊ, ಸೆಲ್ಫ್, ಒಟ್ಟಿನಲ್ಲಿ ಗಾಡಿಯೊಳಗೆ ತಂತಿ ಎಲ್ಲೆಲ್ಲಿ ಹರಿಯುತ್ತದೋ ಅದೆಲ್ಲ ಅವರ ರಾಜ್ಯ. ಸಣ್ಣ ಆಳು, ಬಿಳಿ ಗಡ್ಡ, ಎಡಗಣ್ಣಿಗೆ ಸ್ವಲ್ಪ ಪೊರೆ. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಯಾವ ಸಾಮಾನು ಕೊಟ್ಟರೂ ಮೊದಲು ಅದರ ಮೇಲೆ ಉಗುರು ಎಳೆಯುವರು. ಕಣ್ಣಿಗೆ ಕಾಣದ ಸೀಳು ಆ ಉಗುರಿಗೆ ಸಿಗುತ್ತಿತ್ತು. ನಾನೊಮ್ಮೆ ತಮಾಷೆಗೆ ನನ್ನ ಹೊಸ ರೊಟ್ಟಿ ಹಂಚು ಒಯ್ದು ತೋರಿಸಿದ್ದೆ. ಉಗುರು ಎಳೆದು, “ಸಂತ್ಯಾಗ ನಿಮಗ ಟೊಪ್ಪಿಗಿ ಹಾಕ್ಯಾರ ಅವ್ವಾರ, ಇದು ಎಂಟ ದಿನ ಬಾಳೂದಿಲ್ಲ” ಎಂದರು. ಆರನೇ ದಿನಕ್ಕೆ ಒಡೆಯಿತು.

ಇಷ್ಟೆಲ್ಲ ಗಾಡಿಗಳನ್ನು ಓಡುವ ಹಾಗೆ ಮಾಡಿದ ಮನುಷ್ಯನಿಗೆ ಗಾಡಿಯಲ್ಲಿ ಕೂತರೆ ವಾಂತಿ. ಯಾವ ಗಾಡಿಯಾದರೂ ಸರಿ, ನಾಲ್ಕು ಮೈಲು ಹೋಗುವುದರೊಳಗೆ ಮುಖ ಬೆಳ್ಳಗಾಗುತ್ತಿತ್ತು. ರಿಪೇರಿಯಾದ ಗಾಡಿಯನ್ನು ಮಾಲೀಕರೇ ಒಂದು ಸುತ್ತು ಓಡಿಸಿ ತರಬೇಕು. ಇವರು ರಸ್ತೆಬದಿ ಕಣ್ಣು ಮುಚ್ಚಿ ನಿಂತು ಸಪ್ಪಳ ಕೇಳುವರು. “ನೀವ್ ಕೂಡ್ರಂಗಿಲ್ಲ, ಬರೇ ನಮ್ಮನ್ನ ಕೂಡಸ್ತೀರಿ. ಏನರ ಒಳಸಂಚ ಐತೇನು?” ಎಂದು ನಾನು ಕೆಣಕಿದರೆ, “ಬಾಣಂತನ ಮಾಡೋ ಸೂಲಗಿತ್ತಿ ಎಲ್ಲಾ ಕೂಸಿಗೂ ಹಾಲ ಕುಡಸ್ತಾಳೇನ್ರಿ ಅವ್ವಾರ?” ಎನ್ನುವರು. ನಾನು ಊರಿನಲ್ಲಿ ಬಾಯಿಗೆ ಹೆಸರಾದವಳು. ನನಗೆ ಎದುರು ಮಾತು ಕೊಟ್ಟು ಗೆದ್ದವರು ಅವರೊಬ್ಬರೇ.

ನಮ್ಮದು ನಾಲತವಾಡ ರಸ್ತೆಯ ತೋಟದ ಮನೆ. ನಮ್ಮ ಮನೆಯವರ ಹತ್ತಿರ ಒಂದು ಹಳೆಯ ಪೆಟ್ರೋಲ್ ಜೀಪು ಇದೆ. ಆಲಮಟ್ಟಿ ಕಡೆ ಕಾಲುವೆ ಕೆಲಸಕ್ಕೆ ಓಡಿ, ಮುದಿಯಾಗಿ, ಹರಾಜಿಗೆ ಬಂದಾಗ ತಂದದ್ದು. ನನ್ನ ಮೇಲೆ ಸಿಟ್ಟಾದರೆ ಎರಡು ದಿನ ಮಾತು ಬಿಡುವ ಮನುಷ್ಯ ಜೀಪು ಕೈಕೊಟ್ಟರೆ ಅದರ ಬಾನೆಟ್ಟು ಸವರುತ್ತ ನಿಲ್ಲುತ್ತಾರೆ. ಹೊಲದಿಂದ ಬರುವಾಗ ಅರ್ಧ ಮೈಲು ದೂರದಿಂದಲೇ ಹಾರ್ನ್ ಬಾರಿಸುವರು, ನಾನು ಚಹಾಕ್ಕೆ ಇಡಬೇಕೆಂದು. ಒಂದು ದಿನ ನಾನು ಮಿಸ್ತ್ರಿಯನ್ನು ಪಕ್ಕಕ್ಕೆ ಕರೆದು, “ಆ ಹಾರ್ನಿನ ತಂತಿ ಒಂದೀಟು ತಪ್ಪಿಸಿ ಬಿಡ್ರಲ್ಲ. ಕೆಟ್ಟೈತಿ ಅಂತ ಹೇಳ್ರಿ. ಒಂದ ವಾರ ನನ್ನ ಕಿವಿಗೆ ಶಾಂತಿ ಸಿಗ್ಲಿ” ಎಂದೆ.

ಅವರು ನಗಲಿಲ್ಲ. “ಬ್ಯಾರೆ ಏನರ ಹೇಳ್ರಿ ಅವ್ವಾರ. ಕೆಲಸದಾಗ ಸುಳ್ಳ ಹಾಕಂಗಿಲ್ಲ. ಒಂದ ತಂತ್ಯಾಗ ಸುಳ್ಳ ಹಾಕಿದೆ ಅಂದ್ರ ನಾಳಿಗಿ ಯಾವ ತಂತಿ ಖರೇ ಅಂತ ನನಗ ತಿಳಿಯೂದಿಲ್ಲ.”

ಇನ್ನೊಂದು ಪದ್ಧತಿ ಇತ್ತು ಅವರದು. ಯಾವ ಸಾಮಾನು ಬದಲಿಸಿದರೂ ತೆಗೆದ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಮಾಲೀಕರ ಕೈಗೇ ಕೊಡುವರು. “ಹಳೇದು ನಿಮ್ಮದ್ರಿ. ಯಾಕ ತಗದೆ ಅಂತ ನೋಡ್ಕೋರಿ.” ಎಷ್ಟು ಅವಸರವಿದ್ದರೂ ಸವೆದ ಜಾಗ ತೋರಿಸಿದ ಮೇಲೆಯೇ ಬಿಡುವರು. ಕೆಟ್ಟದ್ದು ಎಲ್ಲಿ ಕೆಟ್ಟಿತು ಎಂಬುದು ಕಣ್ಣಾರೆ ಕಾಣಬೇಕು. ಅದು ಅವರ ಧರ್ಮ.

ಎರಡು ವರ್ಷದ ಹಿಂದೆ, ನವರಾತ್ರಿಯ ಹೊತ್ತಿಗೆ, ಜೀಪು ಕೆಮ್ಮಲು ಶುರು ಮಾಡಿತು. ಮಿಸ್ತ್ರಿ ನಮ್ಮ ಅಂಗಳಕ್ಕೇ ಬಂದರು, ನಡೆದುಕೊಂಡು. ಬಾನೆಟ್ಟು ಎತ್ತಿ, ಕರಿ ಮುಚ್ಚಳವೊಂದನ್ನು ಬಿಚ್ಚಿ, ಒಳಗೆ ಉಗುರು ಎಳೆದು, “ಸಿಕ್ತು” ಎಂದರು. ನಾನು ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದೆ. ಕರೆದು ತೋರಿಸಿದರು. ಅಂಗೈಯಗಲದ ಮುಚ್ಚಳ. ಮೇಲೆ ಐದು ದಪ್ಪ ತಂತಿ, ಒಳಗೆ ಸುತ್ತಲೂ ನಾಲ್ಕು ಹಿತ್ತಾಳೆಯ ಮೊಳಕೆ, ನಡುವೆ ಒಂದು ಕರಿ ಗುಂಡಿ. ಹಿತ್ತಾಳೆ ತಿಂದುಹೋಗಿತ್ತು, ಇಲಿ ಕಡಿದ ಹಾಗೆ.

“ಇದಕ್ಕ ಡಿಸ್ಟ್ರಿಬ್ಯೂಟರ್ ಕ್ಯಾಪ್ ಅಂತಾರ್ರಿ. ಇದು ಬಡಸಾಕಿ ನೋಡ್ರಿ. ಪಂಕ್ತ್ಯಾಗ ನಾಲ್ಕ ಮಂದಿ ಕುಂತಾರ, ನಾಲ್ಕ ಪ್ಲಗ್ಗು. ನಡಬರಕ ಕರೆಂಟ ಬರತೈತಿ. ಈ ಬಡಸಾಕಿ ಸುತ್ತ ಹಾಕಿ ಒಬ್ಬೊಬ್ಬರಿಗೆ ಪಾಳಿ ಪ್ರಕಾರ ನೀಡ್ತಾಳ. ಕೈ ತಪ್ಪಿ ಒಬ್ಬಂದು ಇನ್ನೊಬ್ಬನ ಎಲಿಗೆ ಬಿತ್ತಂದ್ರ ಪಂಕ್ತಿನ ಎದ್ದ ಹೋಗತೈತಿ.”

ಎಪ್ಪತ್ತು ವರ್ಷದಲ್ಲಿ ಯಾರೂ ನನಗೆ ಎಂಜಿನ್ನಿನ ಮಾತು ಹೀಗೆ ಹೇಳಿರಲಿಲ್ಲ. ನಾನು ಬಾನೆಟ್ಟಿನ ಹತ್ತಿರ ಸುಳಿದರೂ ನಮ್ಮ ಮನೆಯವರು “ನಿನಗೇನ ತಿಳೀತೈತಿ, ಆ ಕಡೆ ಸರಿ” ಎನ್ನುವರು. ಮಿಸ್ತ್ರಿ ಅದರ ಎರಡು ಸ್ಪ್ರಿಂಗ್ ಕ್ಲಿಪ್ಪನ್ನು ನನ್ನ ಕೈಯಿಂದಲೇ ಹಾಕಿಸಿದರು, ತೆಗೆಸಿದರು. ಟಕ್, ಟಕ್. ಕೂಸಿನಂತೆ ನಾಲ್ಕು ಸಲ ಮಾಡಿದೆ.

ಆ ಮುದಿ ಜೀಪಿಗೆ ಆ ಕ್ಯಾಪು ಎಲ್ಲೂ ಸಿಗಲಿಲ್ಲ. ಇಂಡಿಯಲ್ಲಿ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಪೆಟ್ಟಿಗೆ ಒಡೆಯದ ಒಂದೇ ಒಂದು ಉಳಿದಿದೆ ಎಂದು ಯಾರೋ ಹೇಳಿದರು. ಮಿಸ್ತ್ರಿ ಬೇರೆಯವರನ್ನು ಕಳಿಸಲಿಲ್ಲ. “ಉಗರ ಹಚ್ಚಿ ನೋಡೇ ತರಬೇಕ್ರಿ” ಎಂದು ತಾವೇ ಹೋದರು, ಬಸ್ಸಿನಲ್ಲಿ, ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು. ಹೋಗುವಾಗ ಮೂರು ಕಡೆ, ಬರುವಾಗ ಎರಡು ಕಡೆ ಇಳಿದರಂತೆ. ಬಂದವರ ಕಣ್ಣು ಗುಳಿ ಬಿದ್ದಿತ್ತು. ಮರುದಿನ ಕೂತು, ಮೆತ್ತಗಿನ ಬಟ್ಟೆಯಿಂದ ಒಳಗೆಲ್ಲ ಒರೆಸಿ, ಹೊಸದನ್ನು ಕೂಡಿಸಿದರು. ಜೀಪು ಬೆಕ್ಕಿನ ಹಾಗೆ ಗುರುಗುಟ್ಟಿತು. ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು ಹೋದರು.

ಅದಾಗಿ ಎರಡನೆಯ ದಿನ ಖಂಡೆಪೂಜೆ.

ನಮ್ಮಲ್ಲಿ ಆ ದಿನ ಕುಡುಗೋಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ವಿಭೂತಿ ಬೀಳಬೇಕು. ಸಿಂದಗಿಯಿಂದ ಬೀಗರು ಬಂದಿದ್ದರು, ಕಿರಿ ಮಗಳ ಮಾವ. ಹೊಸ ಸಂಬಂಧ. ನಮ್ಮ ಮನೆಯವರು ಅವರನ್ನು ಜೀಪಿನಲ್ಲಿ ಕೂಡಿಸಿಕೊಂಡು ಬಸವನ ಬಾಗೇವಾಡಿಗೆ ಹೋಗಿ ಗುಡಿಗೆ ಕೈಮುಗಿದು ಬರುವುದೆಂದು ಗೊತ್ತಾಗಿತ್ತು. ಇಬ್ಬರೂ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ನಾನು ಹಿತ್ತಾಳೆ ತಟ್ಟೆ ಹಿಡಿದು ಜೀಪಿನ ಹತ್ತಿರ ಹೋದೆ. ಗಾಲಿಗೆ ಹಚ್ಚಿದೆ, ಸ್ಟೇರಿಂಗಿಗೆ ಹಚ್ಚಿದೆ, ದೀಪಗಳ ಹಣೆಗೆ ಹಚ್ಚಿದೆ. ಹಚ್ಚುತ್ತ ಹಚ್ಚುತ್ತ ಮನಸ್ಸಿಗೆ ಒಂದು ಮಾತು ಬಂತು. ಗಾಲಿ, ದೀಪಕ್ಕೆ ಎಲ್ಲರೂ ಹಚ್ಚುತ್ತಾರೆ. ಒಳಗೆ ಕೂತು ನಾಲ್ಕು ಮಂದಿಗೆ ನೀಡುವವಳಿಗೆ ಯಾರು ಹಚ್ಚುತ್ತಾರೆ? ನಾನೂ ಐವತ್ತು ವರ್ಷ ಬಡಿಸಿದವಳೇ.

ಬಾನೆಟ್ಟು ಎತ್ತಿದೆ. ಟಕ್, ಟಕ್. ಕ್ಯಾಪು ಕೈಗೆ ಬಂತು. ವಿಭೂತಿಯನ್ನು ನೀರಿನಲ್ಲಿ ಚೆನ್ನಾಗಿ ಕಲೆಸಿದ್ದೆ. ಒಳಗೆ ಮೂರು ಬೆರಳು ಹಿಡಿಸಲಿಲ್ಲ. ಕಿರುಬೆರಳಿನಿಂದ ಮೂರು ಸಲ, ಈ ಹಿತ್ತಾಳೆಯಿಂದ ಆ ಹಿತ್ತಾಳೆಯವರೆಗೆ, ದಪ್ಪಗೆ ಎಳೆದೆ. ಮುಚ್ಚಿ ಕ್ಲಿಪ್ಪು ಹಾಕಿ, ಏನೂ ಅರಿಯದವಳಂತೆ ಆರತಿ ತಂದೆ.

ಜೀಪು ಸೀನುತ್ತ ಹೊರಟಿತು. ಮುದ್ದೇಬಿಹಾಳ ದಾಟಿ ಬಾಗೇವಾಡಿ ರಸ್ತೆಯಲ್ಲಿ ಎರಡು ಸಲ ಸಿಡಿದು ನಿಂತೇ ಬಿಟ್ಟಿತು. ಬೀಗರು ಬಿಳಿ ಧೋತರ ಎತ್ತಿ ಕಟ್ಟಿ, ಬಿಸಿಲಿನಲ್ಲಿ ಜೀಪು ನೂಕಿದರು. ಮಗಳನ್ನು ಕೊಟ್ಟ ಮನೆಯ ಯಜಮಾನರು! ನಮ್ಮ ಮನೆಯವರು ಇದನ್ನು ಇವತ್ತಿಗೂ ಜೋರಾಗಿ ಹೇಳುವುದಿಲ್ಲ. ಕಡೆಗೆ ಟ್ರ್ಯಾಕ್ಟರಿಗೆ ಕಟ್ಟಿ, ರಸ್ತೆಬದಿಯ ಒಂದು ಹೊಸ ಗ್ಯಾರೇಜಿಗೆ ಎಳೆದು ತಂದರು. ಅಲ್ಲಿಯವನು ಕ್ಯಾಪು ಬಿಚ್ಚಿ ನೋಡಿ, “ಒಳಗ ಧೂಳ ಬಿಟ್ಟು ಮುಚ್ಯಾರ್ರಿ. ಸುಟ್ಟು ಹೋಗೈತಿ. ಕಣ್ಣ ಕಾಣದವರು ಕೂಡಿಸಿರಬೇಕು” ಎಂದ. ಬೇರೆ ಯಾವುದೋ ಗಾಡಿಯದನ್ನು ಹೇಗೋ ಹೊಂದಿಸಿ ಕಳಿಸಿದ.

ನಮ್ಮ ಮನೆಯವರು ಬೀಗರನ್ನು ಕೂಡಿಸಿಕೊಂಡೇ ಸೀದಾ ಮಿಸ್ತ್ರಿಯ ಅಂಗಡಿಗೆ ಹೋದರು. ಹಬ್ಬದ ದಿನ ಅಂಗಡಿ ಮುಚ್ಚಿ ಅವರು ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದರು. ತುಂಬಿದ ಚಹಾದಂಗಡಿ. ಅಲ್ಲಿ ಆದ ಮಾತನ್ನು ಬೀಗರು ಮನೆಗೆ ಬಂದು ಊಟದ ಹೊತ್ತಿಗೆ ಹಾವಭಾವದ ಸಮೇತ ಹೇಳಿದರು.

“ಕಣ್ಣ ಹೋದ್ರ ಕೆಲಸ ಬಿಡಬೇಕು ಮಿಸ್ತ್ರಿ” ಅಂದರಂತೆ ಇವರು. “ಧೂಳ ಸೈತ ಒರಸದ ಮುಚ್ಚಿದಿ. ಬೀಗರ ಮುಂದ ನನ್ನ ಮಾನ ತಗದಿ.”

“ಒರಸೇನ್ರಿ ಗೌಡ್ರ” ಎಂದರಂತೆ ಅವರು.

“ಒರಸಿದ್ರ ಎಲ್ಲಿಂದ ಬಂತು ಧೂಳ? ಮ್ಯಾಲಿಂದ ಉದರಿತೇನು?”

ಮಿಸ್ತ್ರಿ ತಮ್ಮ ಬಲಗೈ ನೋಡಿಕೊಳ್ಳುತ್ತ ಕೂತರಂತೆ.

ನಾನು ಹೋಳಿಗೆ ಬಡಿಸುತ್ತಿದ್ದೆ. ಆ ಕ್ಷಣ ಬಾಯಿ ತೆರೆಯಬಹುದಿತ್ತು. ಬೀಗರು ನಗುವರು, ಬೀಗತಿ ನೂರು ವರ್ಷ ಆಡಿಕೊಳ್ಳುವಳು, ಇವರು ಎರಡು ದಿನದ ಬದಲು ಎರಡು ತಿಂಗಳು ಮಾತು ಬಿಡುವರು. ಅಷ್ಟೇ ಆಗುತ್ತಿದ್ದದ್ದು. ಅಷ್ಟಕ್ಕೇ ಅಂಜಿದೆ. “ಇನ್ನೊಂದು ಹಾಕ್ಲಿ ಬೀಗರ?” ಎಂದು ತುಪ್ಪ ಸುರಿದೆ. ಅವರು ಕೈತೊಳೆಯುವಾಗ ಜೀಪಿನ ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಸುಟ್ಟ ಕ್ಯಾಪನ್ನು ತಂದು ನನ್ನ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ ಇಟ್ಟೆ. ನಾನು ಬಿಳಿ ಗೆರೆ ಎಳೆದಲ್ಲೆಲ್ಲ ಕಿಡಿ ಹರಿದು ಕರ್ರಗಾಗಿತ್ತು. ಮೂರು ಗೆರೆ, ಅಳತೆ ಹಿಡಿದ ಹಾಗೆ.

ಮರುದಿನ ಮಿಸ್ತ್ರಿ ಬಂದರು, ಅಷ್ಟು ದೂರ ನಡೆದು. ಇವರು ಹೊಲಕ್ಕೆ ಹೋಗಿದ್ದರು. ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತೇ ಕೇಳಿದರು.

“ಅವ್ವಾರ, ಆ ಕ್ಯಾಪು ಒಮ್ಮಿ ತೋರಸ್ರಿ.”

“ಯಾಕ್ರಿ?”

“ಜಗಳಕ್ಕಲ್ರಿ. ನಾ ಎಲ್ಲಿ ತಪ್ಪಿದೆ ಅಂತ ನೋಡ್ಬೇಕಾಗೇತಿ. ಒರಸಿದ್ದು ನನಗ ನೆನಪೈತಿ. ಬಟ್ಟಿ ಸೈತ ನೆನಪೈತಿ, ನನ್ನ ಹಳೇ ಬನಿಯನ್ನು. ಆದ್ರೂ ಧೂಳ ಇತ್ತಂದ್ರ… ಕೈ ಹೋಗಿದ್ರ ಕಣ್ಣಿಗೆ ಆಪರೇಶನ್ ಮಾಡ್ಸಿ ಉಪಯೋಗ ಇಲ್ಲ. ಕೈ ಇನ್ನಾ ಐತಿ ಅಂದ್ರ ಮಾಡಸ್ತೇನಿ. ಅದೊಂದ ನೋಡಿದ್ರ ತಿಳೀತೈತಿ.”

ಎರಡು ಮಾರು ದೂರದಲ್ಲಿ ನನ್ನ ಟ್ರಂಕು. ನಾನು ಹೇಳಿದೆ, “ಗುಜರಿಗೆ ಹಾಕಿಬಿಟ್ರಲ್ರಿ ಮಿಸ್ತ್ರಿ.”

ಜೀವನದಲ್ಲಿ ಸಾವಿರ ಸುಳ್ಳು ಹೇಳಿದ್ದೇನೆ. ಅತ್ತೆಗೆ ಹೇಳಿದ್ದೇನೆ, ಗಂಡನಿಗೆ, ಹಾಲಿನವನಿಗೆ, ದೇವರಿಗೂ. ಎಲ್ಲ ನಕ್ಕು ಮರೆಯುವಂಥವು. ಇದೊಂದೇ ಸುಳ್ಳು ಬಾಯಿಂದ ಹೊರಬೀಳುವಾಗ ರುಚಿ ತಿಳಿಯಿತು. ಕಬ್ಬಿಣ ನೆಕ್ಕಿದಂಥ ರುಚಿ.

“ಹೋಗ್ಲಿ ಬಿಡ್ರಿ” ಎಂದರು. ಕೊಟ್ಟ ನೀರು ಕುಡಿದರು. “ನೆನಪನ್ನೂ ನಂಬಬಾರದು ಅನಸತೈತಿ.” ಗೇಟು ದಾಟುವಾಗ ಅದರ ಚಿಲಕದ ಮೇಲೆ ರೂಢಿಯಂತೆ ಉಗುರು ಎಳೆದರು. ಎಳೆದು, ಕೈಯನ್ನು ಜೇಬಿಗೆ ಹಾಕಿಕೊಂಡರು.

ಆ ತಿಂಗಳಲ್ಲೇ ಅಂಗಡಿ ಮುಚ್ಚಿತು. ಮಿಸ್ತ್ರಿ ನಿಂಬೆಹಣ್ಣು ಹಿಡಿದು ಬಸ್ಸು ಹತ್ತಿ ದೇವರ ಹಿಪ್ಪರಗಿಯ ಮಗಳ ಮನೆಗೆ ಹೋದರೆಂದು ಕೇಳಿದೆ. ಕಣ್ಣಿಗೆ ಆಪರೇಶನ್ ಮಾಡಿಸಲಿಲ್ಲ.

ಒಂದೂವರೆ ವರ್ಷ ಆ ಕ್ಯಾಪು ನನ್ನ ಸೀರೆಗಳ ನಡುವೆ ಇತ್ತು. ಮದುವೆಗೆ, ಸೀಮಂತಕ್ಕೆ ಸೀರೆ ತೆಗೆಯುವಾಗಲೆಲ್ಲ ಸುಟ್ಟ ವಾಸನೆ. ಹೋದ ಬೇಸಿಗೆಯಲ್ಲಿ ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ ದೇವರ ಹಿಪ್ಪರಗಿಯ ಬಸ್ಸು ಹತ್ತಿದೆ. ಮಿಸ್ತ್ರಿ ಅಂಗಳದಲ್ಲಿ ಕೂತಿದ್ದರು. ಎರಡೂ ಕಣ್ಣು ಮಂಜಾಗಿದ್ದವು. ನನ್ನ ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದರು. “ಅವ್ವಾರ ಬಂದ್ರು. ಎಡಗಾಲ ಹೊರಳಸ್ತೀರಿ ಈಗ, ಕೀಲಿಗೆ ಎಣ್ಣಿ ಹಾಕ್ಬೇಕು.”

ನಾನು ನಗೆಯಾಡಲಿಲ್ಲ. ಕ್ಯಾಪನ್ನು ಅವರ ಕೈಗೆ ಕೊಟ್ಟೆ.

ಉಗುರು ಎಳೆದರು. ಒಂದು ಗೆರೆ. ತಿರುಗಿಸಿ ಮತ್ತೆ ಎಳೆದರು. ಎರಡು. ಮೂರು. ಬೆರಳ ತುದಿಗೆ ಅಂಟಿದ ಬೂದಿಯನ್ನು ಮೂಗಿಗೆ ಹಿಡಿದರು.

“ವಿಭೂತಿ?”

“ಹೌದ್ರಿ. ನಾನ. ಒಳಗಿನಾಕಿಗೆ ಪೂಜಿ ಆಗ್ಲಿ ಅಂತ.”

ಮೊದಲು ನಕ್ಕರು, ಗಡ್ಡ ಅಲುಗಾಡುವಷ್ಟು. “ನೀರಿನ ವಿಭೂತಿ! ಬಡಸಾಕಿ ಸೆರಗ ಹಿಡದ ಎಲ್ಲಾರ ಎಲಿಗೂ ಎಳದಾಡೀರಿ.” ಆಮೇಲೆ ನಗು ನಿಂತಿತು. ಬಹಳ ಹೊತ್ತು ಕ್ಯಾಪನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದರು.

“ಇಷ್ಟ ದಿನಾ ಈ ಕೈಗೆ ಬೈದೆ ಅವ್ವಾರ. ಏನ ತಪ್ಪ ಮಾಡಿರಲಿಲ್ಲ ಇದು.”

“ನಂದು ತಪ್ಪಾತ್ರಿ. ಏನ ಮಾಡ್ಲಿ ಹೇಳ್ರಿ. ಏನ ಹೇಳ್ತೀರಿ ಅದನ್ನ ಮಾಡ್ತೇನಿ.”

“ನನಗ ಹೇಳಿದ್ರಿ, ನನ್ನ ಮನಸಿಗಿ ತಣ್ಣಗಾತು. ಆದ್ರ ನನ್ನ ಹೆಸರು ಬಿದ್ದಿದ್ದು ಇಲ್ಲಲ್ಲ, ಚಹಾದಂಗಡ್ಯಾಗ. ಬಿದ್ದಲ್ಲೇ ಎತ್ತಬೇಕ್ರಿ. ಒಂದ ದಿನ ಹೋಗಿ ಅಲ್ಲಿ ಹೇಳಿಬಿಡ್ರಿ. ಸಾಕು.”

“ಬರೂ ವಾರನ ಹೇಳ್ತೇನಿ” ಎಂದೆ. ಏಳುವಾಗ ಕ್ಯಾಪಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ. “ಇದೊಂದ ನನ್ನ ಹತ್ರ ಇರ್ಲಿ” ಎಂದರು. ಜೀವಮಾನವೆಲ್ಲ ಹಳೆಯದನ್ನು ತಿರುಗಿ ಕೊಟ್ಟ ಮನುಷ್ಯ.

ಹೇಳಿದ ವಾರ ಮಗಳು ಬಂದಿದ್ದಳು, ಹೋಗಲಿಲ್ಲ. ಅದರ ಮುಂದಿನ ವಾರ ಊರಿಗೆ ಬಂದ ಬೀಗರು ಸ್ಟ್ಯಾಂಡಿನ ಹತ್ತಿರ ಸಿಗಬಹುದೆಂದು ಹೋಗಲಿಲ್ಲ. ಆಮೇಲೆ ಮಂಡಿನೋವು. ನಂತರ ಮಳೆ. ನೆವ ಹುಡುಕುವುದರಲ್ಲಿ ನಾನು ಯಾವಾಗಲೂ ಚುರುಕು. ಒಂದು ಮುಂಜಾನೆ ಫೋನು ಸದ್ದು ಮಾಡಿತು. ಅಬ್ಬಾ ಹೋದ್ರು ಅವ್ವಾರ.

ಇವರಿಗೆ ಆಗಲೇ ಹೇಳಿದೆ, ಎಲ್ಲವನ್ನೂ, ನಿಂತ ಕಾಲಿನಲ್ಲಿ. ಇವರು ಬಯ್ಯಲಿಲ್ಲ. ಹಲ್ಲುಜ್ಜುತ್ತಿದ್ದವರು ಬಾಯಿ ಮುಕ್ಕಳಿಸಿ, ಟವೆಲಿನಿಂದ ಮುಖ ಒರೆಸಿ, ಮತ್ತೆ ಒರೆಸಿ, “ಮಾತಾಡಿದಾವ ನಾನು” ಎಂದರು. “ಮಣ್ಣಿಗೆ ಹೋಗೂಣು. ಬರೂ ಮುಂದ ಸ್ಟ್ಯಾಂಡಿನ ಕಡೆ ಇಳಿಯೂಣು.”

ದೇವರ ಹಿಪ್ಪರಗಿಯಿಂದ ತಿರುಗಿ ಬಂದಾಗ ಸಂಜೆಯಾಗಿತ್ತು. ಚಹಾದಂಗಡಿ ತುಂಬಿತ್ತು, ಡ್ರೈವರುಗಳು, ಅಡತಿ ವ್ಯಾಪಾರಿಗಳು, ಬಸ್ಸಿಗೆ ಕಾದವರು. ಒಳಗೆ ಜಾಗವಿರಲಿಲ್ಲ. ಹೊರಗೆ ಮಿಸ್ತ್ರಿಯ ಅಂಗಡಿಯ ತಗಡಿಗೆ ಬೆನ್ನು ಹಚ್ಚಿ ನಿಂತೆ. ದನಿ ಎತ್ತಿ ಹೇಳಿದೆ.

“ಕೇಳ್ರಿ ಎಲ್ಲಾರೂ. ಈ ಅಂಗಡಿ ಮಿಸ್ತ್ರಿ ಧೂಳ ಬಿಟ್ಟು ಕ್ಯಾಪ್ ಮುಚ್ಚಿರಲಿಲ್ಲ. ನಾ ಒಳಗ ವಿಭೂತಿ ಹಚ್ಚಿದ್ದೆ. ಕೆಡಿಸಿದಾಕಿ ನಾನು.”

ಚಹಾದ ಗ್ಲಾಸು ಹಿಡಿದವರೆಲ್ಲ ತಿರುಗಿ ನೋಡಿದರು. ಆಮೇಲೆ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. “ಆಯಿ ತಮಾಷಿ ಶುರು ಮಾಡಿದ್ಲು ನೋಡ್ರಿ. ಎಂಜಿನ್ನಿಗೆ ವಿಭೂತಿ, ಇನ್ನ ಟಾಯರಿಗೆ ಲಿಂಗಾ ಕಟ್ಟಿರಬೇಕು!”

“ತಮಾಷಿ ಅಲ್ಲೋ ಯಪ್ಪಾ. ಖರೇನ ಹೇಳಾಕತ್ತೇನಿ.”

“ಖರೇ ಐತಿ” ಎಂದರು ನಮ್ಮ ಮನೆಯವರು. “ಅವತ್ತ ಇಲ್ಲಿ ನಾ ಆಡಿದ ಮಾತು ಸುಳ್ಳು.”

ನಗು ನಿಂತಿತು. ಚಹಾದಂಗಡಿಯವನು ಸೌಟು ಕೆಳಗಿಟ್ಟು ಹೊರಗೆ ಬಂದ.

“ಆಯಿ, ಮಿಸ್ತ್ರಿಗೆ ಕಣ್ಣ ಕಾಣ್ತಿರಲಿಲ್ಲ ಅಂತ ನಮಗ ಗೊತ್ತಿಲ್ಲೇನು? ಬಾಜೂಕ ಇದ್ದಾವ ನಾನು. ಮಣ್ಣ ಮಾಡಿ ಬಂದೀರಿ, ಹೋದವರ ಹೆಸರು ಉಳೀಲಿ ಅಂತ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ನಿಮ್ಮ ಹಂಗ ಯಾರಿಗೈತ್ರಿ ಮನಸು?”

“ಇಲ್ಲೋ, ನಾ ನನ್ನ ಕಿರಿಬೆರಳಲೆ—”

“ಗೊತ್ತಾತ್ ಬಿಡ್ರಿ ಆಯಿ. ಗೌಡ್ರೂ ಹಂಗ, ನೀವೂ ಹಂಗ. ದೊಡ್ಡವರು.”

ಸುತ್ತ ಎಲ್ಲರೂ ತಲೆಯಾಡಿಸಿದರು. ಯಾರೋ ಒಂದು ಕುರ್ಚಿ ತಂದು ಟವೆಲಿನಿಂದ ಒರೆಸಿದರು. ಒಬ್ಬ ಡ್ರೈವರು ಬೀಡಿ ಒಗೆದು ಎದ್ದು ಬಂದು, ಬಗ್ಗಿ, ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ. ಹಿಂದೆ ಜಾಗವಿರಲಿಲ್ಲ, ಮಿಸ್ತ್ರಿಯ ಅಂಗಡಿಯ ಮುಚ್ಚಿದ ತಗಡು ಇತ್ತು.